ಮೆಷಿನ್ ಆಮೇಲೆ, ಮೊದ್ಲು ಎಣ್ಣೆ ಲೆಕ್ಕ: ಬಯೋಡೀಸೆಲ್ ಸಹಕಾರಿ ಕಟ್ಟೋರಿಗೆ

ಕರಿದು ಉಳಿದ ಅಡುಗೆ ಎಣ್ಣೆಯಿಂದ ಬಯೋಡೀಸೆಲ್, ಅಂದ್ರೆ ಡೀಸೆಲ್ ಗಾಡಿಗೆ ಹಾಕೋ ಇಂಧನ, ಮಾಡೋಣ ಅಂತ ನಾಲ್ಕು ಜನ ಸೇರಿದ್ರೆ ಸಾಕು, ಮೊದಲನೇ ಪ್ರಶ್ನೆ "ಮೆಷಿನ್ ಎಲ್ಲಿ ಸಿಗುತ್ತೆ" ಅನ್ನೋದೇ. ಈಗ ಒಳಗೆ ಬರ್ತಾ ಇರುವಾಗ್ಲೇ ಇಬ್ರು ಕೇಳಿದ್ರು. ಅವರದ್ದು ತಪ್ಪು ಅನ್ನಲ್ಲ ನಾನು, ನಾವೂ ಅದನ್ನೇ ಮಾಡಿದ್ದು. ಒಂಬತ್ತು ಜನ ಇದ್ವಿ, ಎಲ್ರೂ ದುಡ್ಡು ಹಾಕಿದ್ವಿ, ಟ್ಯಾಂಕು, ಪಂಪು, ಹೀಟರು, ಪೈಪು ಎಲ್ಲ ತಂದು ಎರಡು ಭಾನುವಾರ ಕೂತು ಜೋಡಿಸಿ ಅದರ ಮುಂದೆ ನಿಂತು ಫೋಟೋನೂ ತೆಗೆಸ್ಕೊಂಡ್ವಿ. ಆಮೇಲೆ ಆ ಟ್ಯಾಂಕು ನಾಲ್ಕು ತಿಂಗಳು ಖಾಲಿ ನಿಂತಿತ್ತು. ಯಾಕಂದ್ರೆ ಎಣ್ಣೆ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಿರ್ಲೇ ಇಲ್ಲ, ಎಲ್ರೂ ಬೇರೆಯವರು ನೋಡ್ಕೋತಾರೆ ಅಂದ್ಕೊಂಡಿದ್ದರು.

ಅದಕ್ಕೆ ಇವತ್ತು ನಾನು ಎಣ್ಣೆಯಿಂದ ಶುರು ಮಾಡ್ತೀನಿ.

ಒಂದು ಲೆಕ್ಕ ಹಾಕೋಣ, ಪೆನ್ನು ಇದ್ದೋರು ಬರ್ಕೊಳಿ. ಹತ್ತು ಜನ ಮೆಂಬರು, ಒಬ್ಬೊಬ್ರಿಗೆ ತಿಂಗಳಿಗೆ 40 ಲೀಟರ್ ಇಂಧನ ಬೇಕು ಅಂತಿಟ್ಕೊಳಿ, ಒಟ್ಟು 400 ಲೀಟರ್. ಎಣ್ಣೆ ಎಷ್ಟು ಹಾಕ್ತೀವೋ ಹೆಚ್ಚುಕಮ್ಮಿ ಅಷ್ಟೇ ಬಯೋಡೀಸೆಲ್ ಬರುತ್ತೆ ಅಂತ ಪುಸ್ತಕದಲ್ಲಿರುತ್ತೆ, ನಿಜಾನೇ, ಆದ್ರೆ ಅದು ಕ್ಲೀನ್ ಎಣ್ಣೆ ಮಾತು. ಅಡುಗೆಮನೆಯಿಂದ ತಂದ ಕರಿದ ಎಣ್ಣೆ ಡಬ್ಬದ ತಳದಲ್ಲಿ ನೀರಿರುತ್ತೆ, ಹಿಟ್ಟಿನ ಚೂರಿರುತ್ತೆ, ಕಪ್ಪು ಗಸಿ ಇರುತ್ತೆ. ನಾವು ನೂರಕ್ಕೆ ಹದಿಮೂರು ಹೋಯ್ತು ಅಂತಾನೇ ಲೆಕ್ಕ ಇಟ್ಕೋತೀವಿ. ಹಂಗಾದ್ರೆ ತಿಂಗಳಿಗೆ 460 ಲೀಟರ್ ತರ್ಬೇಕು, ವಾರಕ್ಕೆ 115, ಅಂದ್ರೆ 20 ಲೀಟರಿನ ಕ್ಯಾನು ವಾರಕ್ಕೆ ಆರು. ಆರು ಕ್ಯಾನು ಯಾರು ತರ್ತಾರೆ? ಯಾವ ಗಾಡೀಲಿ? ಅವರಿಗೆ ಜ್ವರ ಬಂದ ವಾರ ಯಾರು? ಈ ಮೂರು ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಬರ್ಲಿಲ್ಲ ಅಂದ್ರೆ ಟ್ಯಾಂಕ್ ತಗೋಬೇಡಿ.

ಕರಿದ ಎಣ್ಣೆ ಅಂದ್ರೆ ಕಸ, ಬಿಟ್ಟಿ ಸಿಗುತ್ತೆ ಅನ್ನೋ ಕಾಲ ಹೋಯ್ತು. ದೊಡ್ಡ ಅಡುಗೆಮನೆಗಳ ಹತ್ರ ಅದನ್ನ ಕೊಳ್ಳೋರು ಆಗ್ಲೇ ಬರ್ತಾ ಇರ್ತಾರೆ. ನಿಮಗೇ ಕೊಡ್ಬೇಕು ಅಂದ್ರೆ ನೀವು ಹೇಳಿದ ದಿನ ಹೇಳಿದ ಹೊತ್ತಿಗೆ ಹೋಗ್ಬೇಕು, ತೊಳೆದ ಕ್ಯಾನು ವಾಪಸ್ ಇಡ್ಬೇಕು, ಬಾಗಿಲ ಹತ್ರ ಒಂದು ತೊಟ್ಟು ಚೆಲ್ಲಿರ್ಬಾರ್ದು. ಎರಡು ಸಲ ತಪ್ಪಿಸಿದ್ರೆ ಮೂರನೇ ಸಲ ಹೋದಾಗ ಕ್ಯಾನ್ ಇರಲ್ಲ, ಅಷ್ಟೇ. ಮತ್ತೆ ಎಲ್ಲ ಎಣ್ಣೆ ಒಂದೇ ಅಲ್ಲ. ಒಂದು ಕಡೆ ಎರಡು ದಿನಕ್ಕೊಮ್ಮೆ ಎಣ್ಣೆ ಬದಲಾಯಿಸ್ತಾರೆ, ಇನ್ನೊಂದು ಕಡೆ ಟಾರಿನ ಥರ ಆಗೋವರೆಗೂ ಕುದಿಸ್ತಾರೆ. ಎರಡನೇದನ್ನ ಬಿಟ್ಟಿ ಕೊಟ್ರೂ ನಾನು ಮುಟ್ಟಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಈ ಬಯೋಡೀಸೆಲ್ ಅಂದ್ರೇನು ಅನ್ನೋದು ಒಂದೆರಡು ಮಾತಲ್ಲಿ. ಎಣ್ಣೆಯ ಒಂದು ಕಣ ತಗೊಂಡ್ರೆ ಅದರಲ್ಲಿ ಗ್ಲಿಸರಿನ್ನಿಗೆ ಮೂರು ಉದ್ದ ಬಾಲ ಅಂಟ್ಕೊಂಡಿರುತ್ತೆ, ಆ ಬಾಲಗಳೇ ಫ್ಯಾಟಿ ಆಸಿಡ್. ಮೆಥನಾಲ್ ಅನ್ನೋ ಆಲ್ಕೋಹಾಲ್ ಜೊತೆ ಸ್ವಲ್ಪ ಕಾಸ್ಟಿಕ್ ಸೋಡ ಹಾಕಿ ಬಿಸಿ ಮಾಡಿ ಕಲಕಿದ್ರೆ ಬಾಲಗಳು ಗ್ಲಿಸರಿನ್ ಬಿಟ್ಟು ಮೆಥನಾಲಿಗೆ ಅಂಟ್ಕೊಳುತ್ವೆ. ಅದೇ ಬಯೋಡೀಸೆಲ್. ಗ್ಲಿಸರಿನ್ ಭಾರ, ತಳಕ್ಕೆ ಇಳಿಯುತ್ತೆ. ಇಷ್ಟೆಲ್ಲ ಯಾಕೆ, ಎಣ್ಣೇನೇ ನೇರ ಟ್ಯಾಂಕಿಗೆ ಹಾಕಿದ್ರೆ ಆಗಲ್ವಾ ಅಂದ್ರೆ, ಎಣ್ಣೆ ಗಟ್ಟಿ. 40 ಡಿಗ್ರೀಲಿ ಡೀಸೆಲ್ಲಿಗಿಂತ ಹತ್ತು ಪಟ್ಟು ಹೆಚ್ಚು ಗಟ್ಟಿ, ಇಂಜೆಕ್ಟರಿಂದ ಮಂಜಿನ ಥರ ಸಿಡಿಯಲ್ಲ, ಅರ್ಧ ಸುಟ್ಟು ಇಂಗಾಲ ಕಟ್ಟುತ್ತೆ. ಬಯೋಡೀಸೆಲ್ ಆದ್ಮೇಲೆ ಅದು ಡೀಸೆಲ್ ಹತ್ರ ಹತ್ರಕ್ಕೆ ಬರುತ್ತೆ.

ಇಲ್ಲಿ ಒಂದು ಸಣ್ಣ ಅಡ್ಡದಾರಿ ಹಿಡೀತೀನಿ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನ ಕಡಲೆಕಾಯಿ ಎಣ್ಣೆಗೆ ಅಂತಾನೇ ಮಾಡಿದ್ದ, ಆಮೇಲೆ ಪೆಟ್ರೋಲಿಯಂ ಕಂಪನಿಗಳು ಹಾಳು ಮಾಡಿದ್ರು ಅಂತ ಒಂದು ಕತೆ ಓಡಾಡುತ್ತೆ, ನೀವೂ ಕೇಳಿರ್ತೀರ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೇಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಓಡಿಸಿದ್ದು ನಿಜ. ಓಡಿಸಿದ್ದು ಓಟೋ ಕಂಪನಿ, ಕೇಳಿದ್ದು ಫ್ರೆಂಚ್ ಸರ್ಕಾರ, ವಸಾಹತುಗಳಲ್ಲಿ ಬೆಳೆಯೋ ಕಡಲೆಕಾಯೀಲೇ ಅಲ್ಲಿನ ಎಂಜಿನ್ ನಡೀಲಿ ಅನ್ನೋ ಲೆಕ್ಕಾಚಾರ ಅವರದ್ದು. ಎಷ್ಟು ಸಲೀಸಾಗಿ ಓಡ್ತು ಅಂದ್ರೆ ಬೇರೆ ಎಣ್ಣೇಲಿ ಓಡ್ತಾ ಇದೆ ಅಂತ ಗೊತ್ತಾಗಿದ್ದು ಕೆಲವೇ ಜನಕ್ಕೆ ಅಂತ ಡೀಸೆಲ್ಲೇ ಆಮೇಲೆ ಹೇಳಿದಾನೆ. ಆದ್ರೆ ಅದು ಬರೀ ಎಣ್ಣೆ, ಬಯೋಡೀಸೆಲ್ ಅಲ್ಲ. ಈಗ ನಾವು ಮಾಡೋ ಥರದ್ದು ಕಾಗದದ ಮೇಲೆ ಬಂದಿದ್ದು 1937ರಲ್ಲಿ, ಬೆಲ್ಜಿಯಂನ ಶವಾನ್ ಅನ್ನೋರು ತಾಳೆ ಎಣ್ಣೆಯಿಂದ ಮಾಡಿ ಪೇಟೆಂಟ್ ತಗೊಂಡ್ರು. ಅವರು ಬಳಸಿದ್ದು ಮೆಥನಾಲ್ ಅಲ್ಲ, ಎಥನಾಲ್. ಸರಿ, ವಾಪಸ್ ಬರೋಣ.

ಒಂದು ಲೀಟರ್ ಮಾಡೋಕೆ ಬರದೆ ನೂರು ಲೀಟರ್ ಮಾಡೋಕೆ ಹೋಗ್ಬೇಡಿ. ಒಂದು ಲೀಟರ್ ಮಾಡೋಕೂ ಮೊದ್ಲು ಟೈಟ್ರೇಶನ್, ಅಂದ್ರೆ ಎಣ್ಣೇಲಿ ಆಮ್ಲ ಎಷ್ಟಿದೆ ಅಂತ ಅಳೆಯೋದು, ಕಲೀಬೇಕು, ಕಾಲೇಜ್ ಲ್ಯಾಬ್ ನೆನಪಾಗಿ ಹೆದರ್ಬೇಡಿ, ಹತ್ತು ನಿಮಿಷದ ಕೆಲಸ. ಎಣ್ಣೆ ಕಾಯ್ದಷ್ಟೂ ಅದರಲ್ಲಿ ಬಿಡಿ ಆಮ್ಲ ಹೆಚ್ಚಾಗುತ್ತೆ. ನಾವು ಹಾಕೋ ಕಾಸ್ಟಿಕ್ ಸೋಡದಲ್ಲಿ ಒಂದಷ್ಟನ್ನ ಆ ಆಮ್ಲವೇ ನುಂಗಿ ಸೋಪಾಗುತ್ತೆ, ಹಾಗಾಗಿ ಎಷ್ಟು ನುಂಗುತ್ತೆ ಅಂತ ಅಳೆದು ಅಷ್ಟನ್ನ ಜಾಸ್ತಿ ಹಾಕ್ಬೇಕು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಒಂದು ಗ್ರಾಂ ಕಾಸ್ಟಿಕ್ ಸೋಡ ಕರಗಿಸಿ ಇಟ್ಕೊಳಿ. ಒಂದು ಗ್ಲಾಸಲ್ಲಿ 10 ಎಂಎಲ್ ಐಸೋಪ್ರೊಪೈಲ್ ಆಲ್ಕೋಹಾಲ್, ಅದಕ್ಕೆ ಸರಿಯಾಗಿ 1 ಎಂಎಲ್ ಎಣ್ಣೆ, ಎರಡು ಮೂರು ತೊಟ್ಟು ಫಿನಾಲ್ಫ್ತಲೀನ್, ಅಂದ್ರೆ ಬಣ್ಣ ಬದಲಾಯಿಸಿ ತೋರಿಸೋ ದ್ರವ. ಈಗ ಸಿರಿಂಜಿಂದ ಆ ಸೋಡ ನೀರನ್ನ ತೊಟ್ಟು ತೊಟ್ಟಾಗಿ ಬಿಡ್ತಾ ಗ್ಲಾಸು ಅಲ್ಲಾಡಿಸ್ತಾ ಇರಿ. ತೊಟ್ಟು ಬಿದ್ದ ಕಡೆ ಗುಲಾಬಿ ಬಣ್ಣ ಬರುತ್ತೆ, ಅಲ್ಲಾಡಿಸಿದ್ರೆ ಮಾಯ. ಮತ್ತೊಂದು ತೊಟ್ಟು, ಮತ್ತೆ ಮಾಯ. ಒಂದು ಹಂತದಲ್ಲಿ ಆ ಗುಲಾಬಿ ಹೋಗಲ್ಲ, ಹದಿನೈದು ಇಪ್ಪತ್ತು ಸೆಕೆಂಡ್ ನಿಲ್ಲುತ್ತೆ. ಅಲ್ಲಿಗೆ ನಿಲ್ಲಿಸಿ ಸಿರಿಂಜ್ ನೋಡಿ. 2.4 ಎಂಎಲ್ ಹೋಗಿದೆ ಅಂದ್ರೆ ಲೀಟರ್ ಎಣ್ಣೆಗೆ 2.4 ಗ್ರಾಂ ಜಾಸ್ತಿ ಸೋಡ. ಹೊಸ ಎಣ್ಣೆಗೆ ಹಳೇ ಕೈಪಿಡಿಗಳಲ್ಲಿ ಲೀಟರಿಗೆ 3.5 ಗ್ರಾಂ ಅಂತಿರುತ್ತೆ, ಈಗ ಮನೇಲಿ ಮಾಡೋರು ತುಂಬಾ ಜನ 5 ಹಾಕ್ತಾರೆ, ನಾವೂ 5. ಹಂಗಾಗಿ 7.4 ಗ್ರಾಂ, ನೂರು ಲೀಟರಿಗೆ 740. ಮೆಥನಾಲ್ ಎಣ್ಣೆಯ ಐದನೇ ಒಂದು ಭಾಗ, ನೂರಕ್ಕೆ ಇಪ್ಪತ್ತು ಲೀಟರ್.

ಟೈಟ್ರೇಶನ್ ಐದು ಆರು ಎಂಎಲ್ ದಾಟ್ತು ಅಂದ್ರೆ ಅದೇ ಟಾರಿನ ಥರದ ಎಣ್ಣೆ. ಸೋಡ ಜಾಸ್ತಿ, ಸೋಪ್ ಜಾಸ್ತಿ, ಇಂಧನ ಕಮ್ಮಿ, ತೊಳೆಯೋದಕ್ಕೆ ದಿನಗಟ್ಟಲೆ ಒದ್ದಾಟ. ಸಲ್ಫ್ಯೂರಿಕ್ ಆಸಿಡ್ ಹಾಕಿ ಅದನ್ನ ಮೊದಲೇ ಸರಿ ಮಾಡೋ ವಿಧಾನ ಇದೆ, ಆದ್ರೆ ಮೊದಲ ವರ್ಷ ಆ ಕಡೆ ತಲೆ ಹಾಕ್ಬೇಡಿ.

ಇನ್ನು ನೀರು. ಇದರ ಬಗ್ಗೆ ನಮ್ಮದೇ ಕತೆ ಹೇಳ್ಬೇಕು. ಎಣ್ಣೇಲಿ ನೀರಿದೆಯಾ ಅಂತ ನೋಡೋದು ಬಹಳ ಸುಲಭ, ಸ್ವಲ್ಪ ಎಣ್ಣೆ ಬಾಣಲೀಲಿ ನೂರು ಡಿಗ್ರಿ ದಾಟೋ ಹಾಗೆ ಕಾಯಿಸಿ, ಚಟಪಟ ಅಂದ್ರೆ ನೀರಿದೆ, ಸುಮ್ನಿದ್ರೆ ಇಲ್ಲ. ನೀರಿದ್ರೆ ಎಣ್ಣೇನ 60 ಡಿಗ್ರಿಗೆ ಬಿಸಿ ಮಾಡಿ ಒಂದು ದಿನ ಅಲ್ಲಾಡಿಸದೆ ಬಿಟ್ಟು ತಳದ ನೀರು ಬಸಿದು ಮತ್ತೆ ಪರೀಕ್ಷೆ ಮಾಡ್ಬೇಕು. ನಮ್ಮ ಐದನೇ ಬ್ಯಾಚು ಇರ್ಬೇಕು, ಎಣ್ಣೆ ನೋಡೋಕೆ ಜೇನುತುಪ್ಪದ ಥರ ತಿಳಿಯಾಗಿತ್ತು, ಹೊತ್ತಾಗಿತ್ತು, ಎಲ್ರಿಗೂ ಮನೆಗೆ ಹೋಗೋ ಆತುರ, ಬಾಣಲಿ ಪರೀಕ್ಷೆ ಬೇಡ ಬಿಡಿ ಅಂತ ನೂರು ಲೀಟರ್ ಹಾಕೇಬಿಟ್ವಿ. ಅರ್ಧ ಗಂಟೆಗೆ ಪಂಪಿನ ಸದ್ದು ಬದಲಾಯ್ತು, ಗೊಣಗೋಕೆ ಶುರು ಮಾಡ್ತು. ಸ್ವಿಚ್ ಆಫ್ ಮಾಡಿ ಬಿಟ್ಟು ಹೋದ್ವಿ. ಬೆಳಿಗ್ಗೆ ಕವಾಟ ತಿರುಗಿಸಿದ್ರೆ ಏನೂ ಇಳೀಲಿಲ್ಲ. ಒಳಗೆ ನೂರ ಇಪ್ಪತ್ತು ಲೀಟರ್ ಹಳದಿ ಹಲ್ವಾ! ನೀರು, ಸೋಡ, ಎಣ್ಣೆ ಸೇರಿ ಸೋಪು ಕಟ್ಟಿತ್ತು, ಅದರಲ್ಲೆಲ್ಲ ಮೆಥನಾಲ್ ಬೇರೆ, ಹಂಗಾಗಿ ಮುಚ್ಚಳ ತೆಗೆದು ಇಣುಕೋ ಹಾಗೂ ಇಲ್ಲ. ಮೂರು ವಾರಾಂತ್ಯ ಅದರಲ್ಲೇ ಹೋಯ್ತು. ಆ ದಿನ ಎಣ್ಣೆ ನೋಡಿ ಚೆನ್ನಾಗಿದೆ ಅಂದವನು ನಾನೇ.

ಅಲ್ಲಿಂದ ನಮ್ಮಲ್ಲಿ ಒಂದು ನಿಯಮ ಬಂತು. ಪರೀಕ್ಷೆ ಮಾಡೋರು ಬೇರೆ, ಬ್ಯಾಚ್ ಓಡಿಸೋರು ಬೇರೆ. ಪರೀಕ್ಷೆ ಮಾಡಿದವರು ಬೇಡ ಅಂದ್ರೆ ಬೇಡ, ಅದರ ಮೇಲೆ ಚರ್ಚೆ ಇಲ್ಲ. ಸಹಕಾರಿ ಅಂದ್ಮೇಲೆ ಒಬ್ಬರಿಗೆ ಒಂದು ಓಟು, ಸರಿ, ದುಡ್ಡಿನ ವಿಷಯಕ್ಕೆ ಓಟು ಹಾಕಿ, ಹೊಸ ಮೆಂಬರ್ ವಿಷಯಕ್ಕೆ ಹಾಕಿ, ಆದ್ರೆ ಬ್ಯಾಚಿಗೆ ಓಟಿಲ್ಲ. ಒಂಬತ್ತರಲ್ಲಿ ಎಂಟು ಜನ ಹೂಂ ಅಂದ್ರೂ ನೀರು ನೀರೇ.

ಈಗ ಮೆಥನಾಲ್. ಇಷ್ಟು ಹೊತ್ತು ನಗ್ತಾ ಇದ್ವಿ, ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಮೆಥನಾಲ್ ಕುದಿಯೋದು 64.7 ಡಿಗ್ರೀಲಿ, ನಾವು ಬ್ಯಾಚ್ ಓಡಿಸೋದು 55ರಲ್ಲಿ, ಅಂದ್ರೆ ಅಂತರ ಹತ್ತೇ ಡಿಗ್ರಿ. ಹನ್ನೊಂದು ಹನ್ನೆರಡು ಡಿಗ್ರೀಲೇ ಅದರ ಆವಿ ಕಿಡಿಗೆ ಹತ್ಕೊಳುತ್ತೆ, ಅಂದ್ರೆ ಸಾಮಾನ್ಯ ದಿನದ ಬಿಸಿಯೇ ಸಾಕು. ಹತ್ಕೊಂಡ್ರೆ ಜ್ವಾಲೆ ಹಗಲಲ್ಲಿ ಕಣ್ಣಿಗೇ ಕಾಣಲ್ಲ, ಬಿಸಿ ತಗುಲಿದಾಗ್ಲೇ ಗೊತ್ತಾಗೋದು. ಹತ್ತು ಎಂಎಲ್ ಹೊಟ್ಟೆಗೆ ಹೋದ್ರೆ ಕಣ್ಣು ಶಾಶ್ವತವಾಗಿ ಹೋಗ್ಬಹುದು, ಸ್ವಲ್ಪ ಜಾಸ್ತಿ ಆದ್ರೆ ಜೀವ. ಚರ್ಮದ ಮೂಲಕವೂ ಒಳಗೆ ಹೋಗುತ್ತೆ, ಉಸಿರಲ್ಲೂ ಹೋಗುತ್ತೆ. ಡಾಕ್ಟರು ಹಾಕೋ ಥರದ ತೆಳು ಗ್ಲೌಸಿಗೆ ಇದು ನಿಲ್ಲಲ್ಲ, ದಪ್ಪ ಬ್ಯುಟೈಲ್ ರಬ್ಬರ್ ಗ್ಲೌಸು ಬೇಕು. ಪೇಂಟ್ ಹೊಡೆಯೋರು ಹಾಕೋ ಮಾಸ್ಕನ್ನೂ ನಂಬ್ಬೇಡಿ, ಅದರ ಫಿಲ್ಟರು ಮೆಥನಾಲ್ ಆವೀನ ಹಿಡಿದಿಟ್ಟುಕೊಳ್ಳೋದು ಬಹಳ ಕಮ್ಮಿ. ದಾರಿ ಒಂದೇ, ಆವಿ ಹೊರಗೆ ಬರದ ಹಾಗೆ ಎಲ್ಲ ಮುಚ್ಚಿದ ವ್ಯವಸ್ಥೆ, ಗಾಳಿ ಚೆನ್ನಾಗಿ ಆಡೋ ಜಾಗ, ಸುರಿಯೋದರ ಬದಲು ಪಂಪು.

ಸೋಡ ಕರಗಿಸುವಾಗ ಮೆಥನಾಲಿಗೆ ಸೋಡಾನ ಸ್ವಲ್ಪ ಸ್ವಲ್ಪ ಹಾಕ್ಬೇಕು, ಬಿಸಿಯಾಗುತ್ತೆ, ಒಂದೇ ಸಲ ಸುರೀಬೇಡಿ. ಪಾತ್ರೆ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಇಲ್ಲಾ ಸ್ಟೀಲು. ಅಲ್ಯೂಮಿನಿಯಂ ಬೇಡವೇ ಬೇಡ, ಸೋಡ ಅದನ್ನ ತಿಂದು ಹೈಡ್ರೋಜನ್ ಬಿಡುತ್ತೆ. ಕಣ್ಣಿಗೆ ಹಾರಿದ್ರೆ ಬರೀ ನೀರು, ಇಪ್ಪತ್ತು ನಿಮಿಷ ಬಿಡದೆ, ಆಮೇಲೆ ಆಸ್ಪತ್ರೆ. ವಿನೆಗರ್ ಹಾಕಿ ಅಂತ ಯಾರಾದ್ರೂ ಅಂದ್ರೆ ಕೇಳ್ಬೇಡಿ. ಎಣ್ಣೇನ ಮೊದಲೇ ಬಿಸಿ ಮಾಡಿ ಹೀಟರ್ ಆಫ್ ಮಾಡಿದ ಮೇಲೇ ಮೆಥನಾಲ್ ಒಳಗೆ ಬಿಡೋದು, ಗ್ಯಾಸ್ ಒಲೆ, ಸೌದೆ ಒಲೆ ಆ ಕಾಂಪೌಂಡಲ್ಲೇ ಇರ್ಬಾರ್ದು. ಇನ್ನೊಂದು, ಇದು ಯಾರೂ ಹೇಳಲ್ಲ: ಎಣ್ಣೆ ಒರೆಸಿದ ಬಟ್ಟೆ ಮುದುರಿ ಮೂಲೇಲಿ ಎಸೆದ್ರೆ ಅದು ತಾನಾಗೇ ಬಿಸಿಯಾಗಿ ಹತ್ಕೋಬಹುದು. ಮುಚ್ಚಳ ಇರೋ ಲೋಹದ ಡಬ್ಬ, ಒಳಗೆ ನೀರು, ಬಟ್ಟೆ ಅದರಲ್ಲಿ.

ಮನೆಯಲ್ಲೇ ತಯಾರಿಸೋ ಇಂಧನ ಅಂತ ಎಲ್ರೂ ಹೇಳ್ತಾರೆ, ಮನೆಗೆ ಅಂಟಿಕೊಂಡ ಜಾಗದಲ್ಲಿ ಮಾತ್ರ ಇದನ್ನ ಮಾಡ್ಬೇಡಿ. ನನ್ನ ಪ್ರಕಾರ ಸಹಕಾರಿ ಬೇಕಾಗಿರೋದು ಮುಖ್ಯವಾಗಿ ಇದಕ್ಕೇನೇ. ಹತ್ತು ಜನ ಹತ್ತು ಶೆಡ್ಡಲ್ಲಿ ರಾತ್ರಿ ಹೊತ್ತು ಒಬ್ಬೊಬ್ಬರೇ ಮೆಥನಾಲ್ ಜೊತೆ ಗುದ್ದಾಡೋದರ ಬದಲು, ಊಟದ ಮನೆ ಮಲಗೋ ಮನೆಯಿಂದ ದೂರ ಒಂದೇ ಜಾಗ, ಆಲ್ಕೋಹಾಲ್ ಬೆಂಕಿಗೂ ನಿಲ್ಲೋ ಫೋಮ್ ಅಥವಾ ಪೌಡರ್ ಎಕ್ಸ್‌ಟಿಂಗ್ವಿಷರು, ಕಣ್ಣು ತೊಳೆಯೋ ನಲ್ಲಿ, ಯಾವಾಗ್ಲೂ ಇಬ್ರು. ಒಬ್ಬರೇ ಇದ್ದಾಗ ಎಣ್ಣೆ ಸೋಸ್ಬಹುದು, ಕ್ಯಾನ್ ತೊಳೀಬಹುದು, ಲೆಕ್ಕ ಬರೀಬಹುದು, ಮೆಥನಾಲ್ ಡ್ರಮ್ಮಿನ ಬೀಗ ತೆಗೆಯೋ ಹಾಗಿಲ್ಲ. ಬೀಗದ ಕೈ ಇಬ್ಬರ ಹತ್ರ ಅರ್ಧರ್ಧ ಇದ್ದ ಹಾಗೆ ಇರ್ಲಿ, ನಾವು ಎರಡು ಬೀಗ ಹಾಕಿದೀವಿ.

ಈಗ ಬ್ಯಾಚಿಗೆ ವಾಪಸ್. ಬಿಸಿ ಎಣ್ಣೆಗೆ ಸೋಡ ಕರಗಿಸಿದ ಮೆಥನಾಲ್ ಸೇರಿಸಿ ಒಂದು ಎರಡು ಗಂಟೆ ಕಲಕಿ ರಾತ್ರಿಯಿಡೀ ಬಿಟ್ರೆ ಗ್ಲಿಸರಿನ್ ಇಳಿದಿರುತ್ತೆ, ಬಸೀಬಹುದು. ಮೇಲಿರೋದು ಚೆಂದ ಕಾಣುತ್ತೆ, ಆದ್ರೆ ಅದರಲ್ಲಿ ಸೋಪಿದೆ, ಮೆಥನಾಲಿದೆ, ತೊಳೀಬೇಕು. ಮೊದಲ ನೀರು ಮಂಜಿನ ಹಾಗೆ ನಿಧಾನ ಬೀಳ್ಬೇಕು, ಜೋರಾಗಿ ಕಲಕಿದ್ರೆ ಮಜ್ಜಿಗೆ ಕಟ್ಟಿಬಿಡುತ್ತೆ, ಎರಡನೇ ಮೂರನೇ ಸಲಕ್ಕೆ ಧೈರ್ಯವಾಗಿ ಕಲಕ್ಬಹುದು. ಆಮೇಲೆ ಬಿಸಿ ಮಾಡಿ ಗಾಳಿ ಹಾಯಿಸಿ ಒಣಗಿಸೋದು, ಬಾಟಲಿ ಹಿಂದೆ ಪೇಪರ್ ಇಟ್ರೆ ಅಕ್ಷರ ಓದೋಕೆ ಬರ್ಬೇಕು. ಪೂರ್ತಿ ಆಗಿದೆಯಾ ಅಂತ ನೋಡೋಕೆ 27 ಎಂಎಲ್ ಮೆಥನಾಲಿಗೆ 3 ಎಂಎಲ್ ಬಯೋಡೀಸೆಲ್ ಹಾಕಿ ಅಲ್ಲಾಡಿಸಿ. ಪೂರ್ತಿ ಕರಗಿದ್ರೆ ಸರಿ, ತಳದಲ್ಲಿ ಎಣ್ಣೆ ತೊಟ್ಟು ಕೂತ್ರೆ ಬ್ಯಾಚು ಅರ್ಧ ಬೆಂದಿದೆ ಅಂತ, ಮತ್ತೆ ಓಡಿಸ್ಬೇಕು. ಅಮೆರಿಕದ ಎಎಸ್‌ಟಿಎಂ ಡಿ6751, ಯುರೋಪಿನ ಇಎನ್ 14214 ಅಂತ ಮಾನದಂಡ ಇವೆ, ಬಿಡಿ ಗ್ಲಿಸರಿನ್ 0.02 ಪರ್ಸೆಂಟ್ ದಾಟ್ಬಾರ್ದು ಅಂತ ಎರಡರಲ್ಲೂ ಇದೆ. ಅದನ್ನ ಬಾಟಲೀಲಿ ಅಳೆಯೋಕಾಗಲ್ಲ, ಲ್ಯಾಬೇ ಬೇಕು, ದುಬಾರಿ, ಒಬ್ಬರಿಗೆ ಆಗದ್ದು ಹತ್ತು ಜನ ಸೇರಿದ್ರೆ ವರ್ಷಕ್ಕೊಂದು ಸಲ ಆಗುತ್ತೆ.

ಗಾಡಿ ವಿಷಯ ಬೇಗ ಮುಗಿಸ್ತೀನಿ. ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿಗೆ ಇದು ಒಗ್ಗುತ್ತೆ. ಹೊಸ ಕಾಮನ್ ರೈಲ್ ಗಾಡಿ, ಅಂದ್ರೆ ಕಂಪ್ಯೂಟರ್ ಹಿಡಿತದಲ್ಲಿ ಭಾರೀ ಒತ್ತಡದಲ್ಲಿ ಇಂಧನ ಚಿಮ್ಮಿಸೋದು, ಹೊಗೆ ಫಿಲ್ಟರ್ ಇರೋದು, ಅದಕ್ಕೆ ನಮ್ಮ ಥರದವರು ಮಾಡಿದ ಇಂಧನ ಹಾಕ್ಬೇಡಿ, ಫಿಲ್ಟರ್ ಕ್ಲೀನ್ ಮಾಡೋಕೆ ಅದು ಹೆಚ್ಚಿಗೆ ಚಿಮ್ಮಿಸೋ ಇಂಧನ ಎಂಜಿನ್ ಆಯಿಲ್ಲಿಗೆ ಇಳಿಯುತ್ತೆ, ಬಯೋಡೀಸೆಲ್ ಅಲ್ಲಿಂದ ಆರಿ ಹೋಗಲ್ಲ. ಹಳೇ ಗಾಡೀಲಿ ಮೊದಮೊದಲು ಇಂಧನದ ಫಿಲ್ಟರ್ ಕಟ್ಕೊಳುತ್ತೆ, ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ಇದು ಕಿತ್ತು ತರುತ್ತೆ, ಒಂದು ಫಿಲ್ಟರ್ ಜೊತೆಗಿಟ್ಕೊಳಿ. ಹಳೇ ರಬ್ಬರ್ ಪೈಪು ಮೆತ್ತಗಾಗುತ್ತೆ. ಲೀಟರಿಗೆ ಶಕ್ತಿ ಡೀಸೆಲ್ಲಿಗಿಂತ ನೂರಕ್ಕೆ ಎಂಟು ಒಂಬತ್ತು ಕಮ್ಮಿ. ತಾಳೆ ಎಣ್ಣೆಯಿಂದ ಮಾಡಿದ್ದಾದ್ರೆ ಸ್ವಲ್ಪ ಚಳಿ ಬಂದ್ರೂ ಮೇಣ ಕಟ್ಟುತ್ತೆ.

ಈಗ ಜನ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಲ್ಲಿ 28 ಜನ ಸೇರಿ ಒಂದು ಅಂಗಡಿ ತೆಗೆದ್ರು, ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ, ಹೆಚ್ಚುಕಮ್ಮಿ ಅಷ್ಟೇ ಸಾಮಾನು. ಅವರ ಜಾಣತನ ಎಲ್ಲಿತ್ತು ಅಂದ್ರೆ, ಲಾಭಾನ ಹಾಕಿದ ದುಡ್ಡಿನ ಪ್ರಕಾರ ಹಂಚಲಿಲ್ಲ, ಯಾರು ಎಷ್ಟು ಕೊಂಡ್ರೋ ಅದರ ಪ್ರಕಾರ ಹಂಚಿದ್ರು. ನಮ್ಮಲ್ಲಿ ಇದೇ ತಲೆನೋವಾಗಿತ್ತು. ಒಬ್ರು ದುಡ್ಡು ಜಾಸ್ತಿ ಹಾಕಿದ್ರು, ಎರಡು ಗಾಡಿ ಇತ್ತು, ತಿಂಗಳಿಗೆ ನೂರು ಲೀಟರ್ ಒಯ್ಯೋರು, ಕೆಲಸಕ್ಕೆ ಬರೋರಲ್ಲ. ಇನ್ನೊಬ್ರು ಪ್ರತಿ ವಾರ ಬಂದು ಕ್ಯಾನು ತೊಳೆಯೋರು, ನೀವು ಒಂದು ಸಲ ತೊಳೆದು ನೋಡಿ ಆ ಜಿಡ್ಡು ಕ್ಯಾನುಗಳನ್ನ, ವಾಸನೆ ಎರಡು ದಿನ ಕೈ ಬಿಡಲ್ಲ, ಅವರಿಗೆ ಇಪ್ಪತ್ತು ಲೀಟರ್ ಸಿಕ್ರೆ ಹೆಚ್ಚು. ಒಂದಿನ ಅವರು ಕ್ಯಾನು ಅಲ್ಲೇ ಇಟ್ಟು ಗ್ಲೌಸು ಬಿಚ್ಚಿ ಮೇಜಿನ ಮೇಲಿಟ್ಟು ಮನೆಗೆ ಹೋದ್ರು, ಏನೂ ಮಾತಾಡ್ಲಿಲ್ಲ. ಆ ರಾತ್ರಿ ಮೀಟಿಂಗ್ ಕರೆದು ನಿಯಮ ತಿರುಗಿಸಿದ್ವಿ: ಷೇರು ಎಲ್ರದ್ದೂ ಸಮ, ಇಂಧನ ಮಾತ್ರ ಗಂಟೆ ಲೆಕ್ಕ. ಕ್ಯಾನು ತೊಳೆಯೋ ಒಂದು ಗಂಟೆಗೆ ಒಂದೂವರೆ ಗಂಟೆ ಅಂತ ಬರೀತೀವಿ. ಎರಡು ಗಾಡಿಯವರು ಸಿಟ್ಟು ಮಾಡ್ಕೊಂಡು ಬಿಟ್ಟು ಹೋದ್ರು, ಆಗ ಇನ್ನೊಂದು ಜಗಳ, ಬಿಟ್ಟು ಹೋಗೋರಿಗೆ ಎಷ್ಟು ಕೊಡ್ಬೇಕು ಅಂತ ಬರೆದೇ ಇರ್ಲಿಲ್ಲ. ಹಾಕಿದ ಷೇರು ಅಷ್ಟಕ್ಕಷ್ಟೇ ವಾಪಸ್, ಆರು ತಿಂಗಳಲ್ಲಿ, ಇಂಧನದ ಮೇಲೆ ಹಕ್ಕಿಲ್ಲ, ಹಿಂಗೆ ಮೊದಲ ದಿನವೇ ಬರೆದು ಸಹಿ ಹಾಕಿಸ್ಕೊಳಿ. ಗಾಡಿ ಕೆಟ್ರೆ ಸಂಘ ಜವಾಬ್ದಾರಿ ಅಲ್ಲ ಅನ್ನೋದನ್ನೂ ಬರೀರಿ.

ಪ್ರತಿ ಬ್ಯಾಚಿಗೂ ಒಂದು ಕಾರ್ಡು. ಎಣ್ಣೆ ಎಲ್ಲಿಂದ, ಟೈಟ್ರೇಶನ್ ಎಷ್ಟು, ಯಾರು ನೋಡಿದ್ರು, ಯಾರು ಓಡಿಸಿದ್ರು, ಯಾರ್ಯಾರು ಒಯ್ದ್ರು, ಜೊತೆಗೆ ಒಂದು ಸಣ್ಣ ಬಾಟಲೀಲಿ ಸ್ಯಾಂಪಲ್. ಯಾರದೋ ಫಿಲ್ಟರ್ ಕಟ್ಕೊಂಡಾಗ ಬೆರಳು ತೋರಿಸೋ ಬದಲು ಬಾಟಲಿ ತೆಗೆದು ನೋಡ್ಬಹುದು. ಕಾನೂನು ಊರಿಂದ ಊರಿಗೆ ಬೇರೆ, ಆದ್ರೆ ಕೇಳ್ಬೇಕಾದ ಪ್ರಶ್ನೆಗಳು ಎಲ್ಲ ಕಡೆ ಅವೇ: ಮೆಥನಾಲ್ ಎಷ್ಟು ಇಟ್ಕೋಬಹುದು, ಸ್ವಂತಕ್ಕೆ ಮಾಡಿದ ಇಂಧನಕ್ಕೂ ತೆರಿಗೆ ಇದೆಯಾ, ತೊಳೆದ ನೀರು ಎಲ್ಲಿ ಬಿಡೋದು, ಇನ್ಶೂರೆನ್ಸ್‌ನವರು ಒಪ್ತಾರಾ. ಹೊರಗಿನವರಿಗೆ ಒಂದು ಲೀಟರ್ ಮಾರಿದ್ರೂ ನಿಯಮಗಳೆಲ್ಲ ಬೇರೆಯಾಗುತ್ವೆ, ಅದಕ್ಕೆ ನಾವು ಮಾರಲ್ಲ.

ಕೊನೇದಾಗಿ ಗ್ಲಿಸರಿನ್, ಯಾಕಂದ್ರೆ ಯಾರೂ ಇದನ್ನ ಲೆಕ್ಕಕ್ಕೆ ಹಿಡಿಯಲ್ಲ. ನೂರು ಲೀಟರ್ ಎಣ್ಣೆಗೆ ಹದಿನೈದು ಇಪ್ಪತ್ತು ಲೀಟರ್ ಕಂದು ದ್ರವ ತಳದಲ್ಲಿ ಬರುತ್ತೆ, ತಿಂಗಳಿಗೆ ನಾಲ್ಕೈದು ಬ್ಯಾಚು ಅಂದ್ರೆ ಲೆಕ್ಕ ಹಾಕ್ಕೊಳಿ. ಅದು ಅಂಗಡೀಲಿ ಸಿಗೋ ಗ್ಲಿಸರಿನ್ ಅಲ್ಲ, ಅದರಲ್ಲಿ ಸೋಪು, ಸೋಡ, ಉಳಿದ ಮೆಥನಾಲ್ ಎಲ್ಲ ಇದೆ, ಚರಂಡಿಗೆ ಬಿಡೋ ಹಾಗಿಲ್ಲ. ಮೆಥನಾಲನ್ನ ಮುಚ್ಚಿದ ಟ್ಯಾಂಕಲ್ಲಿ ಬಿಸಿ ಮಾಡಿ ಕಂಡೆನ್ಸರಲ್ಲಿ ಹಿಡಿದು ವಾಪಸ್ ತಗೊಂಡ್ರೆ, ಉಳಿದಿದ್ದು ಕೈ ತೊಳೆಯೋ ಸೋಪಿಗೆ ಆಗುತ್ತೆ, ಸ್ವಲ್ಪ ಸ್ವಲ್ಪವಾಗಿ ಗೊಬ್ಬರದ ಗುಂಡಿಗೂ ಹೋಗುತ್ತೆ. ಕಾಸ್ಟಿಕ್ ಸೋಡ ಬದಲು ಕಾಸ್ಟಿಕ್ ಪೊಟ್ಯಾಶ್ ಬಳಸಿದ್ರೆ ಅದು ಚಳೀಲೂ ದ್ರವವಾಗೇ ಇರುತ್ತೆ, ಬಸಿಯೋಕೆ ಸುಲಭ, ಆದ್ರೆ ಅಳತೆ ಬೇರೆ, ಲೀಟರಿಗೆ 5ರ ಬದಲು 7 ಗ್ರಾಂನಿಂದ ಶುರು. ನಮಗೆ ಇದು ಗೊತ್ತಾಗೋ ಹೊತ್ತಿಗೆ ಮೊದಲ ವರ್ಷದ ಒಂದು ಡ್ರಮ್ ಗ್ಲಿಸರಿನ್ ಕಲ್ಲಾಗಿತ್ತು. ಶೆಡ್ಡಿನ ಹಿಂದೆ ಇನ್ನೂ ಇದೆ, ಹೊಸ ಮೆಂಬರ್ ಯಾರು ಬಂದ್ರೂ ಮೊದಲು ಅದನ್ನ ತೋರಿಸಿ, ಇದಕ್ಕೆ ಏನು ಮಾಡೋಣ ಹೇಳಿ ಅಂತ ಕೇಳ್ತೀವಿ.